ಮೂರನೆಯ ದಶಾಂಶಕ್ಕೆ ಕೊಡುವ ದುಡ್ಡು

ನಮಸ್ಕಾರ. ಈಗ ನನ್ನ ಮೇಜಿನ ಮೇಲೆ ಅಂಗೈಯಗಲದ ಒಂದು ಡಿಜಿಟಲ್ ತ್ರಾಸು, ಅದರ ಪೆಟ್ಟಿಗೆಯೊಳಗೇ ಬಂದಿದ್ದ 50 ಗ್ರಾಮಿನ ಒಂದು ತೂಕದ ಬಟ್ಟು ಮತ್ತು ನನ್ನ ತಂಗಿಯ ಒಂದು ಚಿನ್ನದ ಸರ ಇವೆ. ಮನೆಯಲ್ಲಿ ಚಿನ್ನ ತೂಗಿ ನೋಡುವುದಕ್ಕೆ ಕಡಿಮೆ ಬೆಲೆಯ ಯಾವ ಸ್ಕೇಲ್ ಕೊಳ್ಳಬಹುದು ಎಂದು ಕೇಳುವವರಿಗೆ ನಾನು ಹೇಳಬೇಕಾದ ಮುಖ್ಯ ಮಾತು ಈ ಮೂರರ ನಡುವೆ ನಡೆದ ಒಂದು ಪ್ರಸಂಗದಲ್ಲಿದೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಕಳೆದ ವರ್ಷ ತುಳುವರ ಆಟಿ ತಿಂಗಳು ಮುಗಿದು ಸೋಣ ಬಂದ ಮೇಲೆ ತಂಗಿ ಹಳೆಯ ಬಳೆಗಳನ್ನು ಕೊಟ್ಟು ಉಡುಪಿಯ ಒಂದು ಅಂಗಡಿಯಲ್ಲಿ ಈ ಸರವನ್ನು ಮಾಡಿಸಿಕೊಂಡಳು. ಹೆಚ್ಚುಕಡಿಮೆ ಎರಡು ಪವನ್ (ಪವನಿಗೆ 8 ಗ್ರಾಂ), ಬಿಲ್ಲಿನಲ್ಲಿ 15.980 ಗ್ರಾಂ ಎಂದಿತ್ತು. ಆಗಷ್ಟೇ ನಾನು ಆನ್‌ಲೈನಿನಲ್ಲಿ ತರಿಸಿದ್ದ ಈ ಸ್ಕೇಲಿನ ಮೇಲಿಟ್ಟಾಗ 15.923 ಬಂತು. ತೆಗೆದು ಮತ್ತೆ ಇಟ್ಟೆ, 15.922. ಮತ್ತೆ ಇಟ್ಟೆ, 15.923. ಹತ್ತು ಸಲ ಇಟ್ಟರೂ ಎರಡು ಮೂರು ಮಿಲಿಗ್ರಾಮಿಗಿಂತ ಹೆಚ್ಚು ವ್ಯತ್ಯಾಸವಾಗಲಿಲ್ಲ. ಗ್ರಾಮಿಗೆ 10,000 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೂ 57 ಮಿಲಿಗ್ರಾಂ ಎಂದರೆ 570 ರೂಪಾಯಿ. ಮೊತ್ತ ದೊಡ್ಡದಲ್ಲ, ಆದರೆ ಅಕ್ಕಸಾಲಿಯ ಮನೆಯಲ್ಲಿ ಹುಟ್ಟಿದವನಿಗೆ ತೂಕದಲ್ಲಿ ಮೋಸವಾಯಿತು ಎಂಬ ಭಾವನೆ ದೊಡ್ಡದು. ಮರುದಿನ ಜಡಿಮಳೆಯಲ್ಲಿ ಸರವನ್ನೂ ಸ್ಕೇಲನ್ನೂ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆ.

ಅಂಗಡಿಯವರು ಒಂದು ಮಾತನ್ನೂ ಆಡದೆ, ಗಾಜಿನ ಗೂಡಿನೊಳಗಿದ್ದ ತಮ್ಮ ತ್ರಾಸಿನ ಮೇಲೆ ಸರವನ್ನಿಟ್ಟರು: 15.980. ಆಮೇಲೆ, "ನಿಮ್ಮ ಬಟ್ಟು ಕೊಡಿ ನೋಡುವ" ಎಂದು ಕೇಳಿ, ನನ್ನ ಪೆಟ್ಟಿಗೆಯ 50 ಗ್ರಾಮಿನ ಬಟ್ಟನ್ನು ಅದೇ ತ್ರಾಸಿನ ಮೇಲಿಟ್ಟರು: 50.180. ಅವರ ತ್ರಾಸನ್ನೂ ಸಂಶಯಿಸಬಹುದಲ್ಲವೇ ಎಂದು ನನ್ನ ಮನಸ್ಸಿನಲ್ಲಿದ್ದುದನ್ನು ಮುಖದಲ್ಲೇ ಓದಿದವರಂತೆ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿದ್ದ ತಮ್ಮ 50 ಗ್ರಾಮಿನ ಬಟ್ಟನ್ನೂ ಇಟ್ಟು ತೋರಿಸಿದರು, ಅದು 50.000 ಇತ್ತು. ನಾನು ಮನೆಯಲ್ಲಿ 50.180 ಗ್ರಾಮಿನ ಲೋಹವನ್ನು ತೋರಿಸಿ "ಇದು 50" ಎಂದು ಸ್ಕೇಲಿಗೆ ಕಲಿಸಿದ್ದೆ. ಅದು ಕಲಿತ ಪಾಠವನ್ನು ಚಾಚೂ ತಪ್ಪದೆ ಒಪ್ಪಿಸಿತ್ತು. ತಂಗಿಯ ಸರದಲ್ಲಿ ಕಡಿಮೆಯಾದ 57 ಮಿಲಿಗ್ರಾಂ ನನ್ನ ಬಟ್ಟಿನಲ್ಲಿ ಹೆಚ್ಚಾಗಿದ್ದ 180 ಮಿಲಿಗ್ರಾಮಿನ ಪಾಲೇ ಹೊರತು ಬೇರೇನೂ ಅಲ್ಲ.

ಹತ್ತು ಸಲ ತೂಗಿದರೆ ಹತ್ತು ಸಲವೂ ಒಂದೇ ಅಂಕಿ ಬರುವುದು ಒಂದು ಗುಣ; ಆ ಅಂಕಿ ಸರಿಯಾಗಿರುವುದು ಇನ್ನೊಂದು ಗುಣ. ನನ್ನ ಸ್ಕೇಲಿಗೆ ಮೊದಲನೆಯದಿತ್ತು, ಎರಡನೆಯದಿರಲಿಲ್ಲ. ಇವೆರಡಕ್ಕೂ ಸಂಬಂಧವಿಲ್ಲದ ಮೂರನೆಯ ಸಂಗತಿಯೆಂದರೆ ಪರದೆಯ ಮೇಲೆ ದಶಾಂಶ ಬಿಂದುವಿನ ನಂತರ ಎಷ್ಟು ಅಂಕಿಗಳಿವೆ ಎಂಬುದು, ಮತ್ತು ನಾವು ಹಣ ಕೊಡುವುದು ಹೆಚ್ಚಾಗಿ ಇದಕ್ಕೇ. ಅಗ್ಗದ ಸ್ಕೇಲಿನ ಒಳಗಿರುವುದು ಲೋಡ್ ಸೆಲ್ ಎಂಬ ಅಲ್ಯೂಮಿನಿಯಂ ತುಂಡು. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದಕ್ಕೆ ಅಂಟಿಸಿದ ತೆಳು ಲೋಹದ ಎಳೆಯ ವಿದ್ಯುತ್ ರೋಧ ಬದಲಾಗುತ್ತದೆ, ಆ ಬದಲಾವಣೆಯನ್ನು ಒಂದು ಚಿಪ್ ಅಂಕಿಯನ್ನಾಗಿ ಮಾಡುತ್ತದೆ. ಆ ಅಂಕಿಯನ್ನು ಎಷ್ಟು ದಶಾಂಶದವರೆಗೆ ತೋರಿಸಬೇಕೆಂಬುದು ತಯಾರಕನ ಇಚ್ಛೆ. ಗಡಿಯಾರಕ್ಕೆ ಸೆಕೆಂಡಿನ ಮುಳ್ಳು ಜೋಡಿಸಿದ ಮಾತ್ರಕ್ಕೆ ಅದು ಸರಿಯಾದ ಹೊತ್ತು ತೋರಿಸುತ್ತದೆಯೇ?

ಆದ್ದರಿಂದ ನನ್ನ ಅಭಿಪ್ರಾಯ ಇದು. ನಿಮ್ಮ ಕೈಯಲ್ಲಿ 2,000 ರೂಪಾಯಿ ಇದ್ದರೆ, ಅಷ್ಟನ್ನೂ ಸ್ಕೇಲಿಗೆ ಹಾಕಿ 0.001 ಗ್ರಾಂ ತೋರಿಸುವುದನ್ನು ತರಬೇಡಿ. 100 ಅಥವಾ 200 ಗ್ರಾಂವರೆಗೆ ತೂಗುವ, 0.01 ಗ್ರಾಂ ತೋರಿಸುವ ಸಾಧಾರಣ ಸ್ಕೇಲನ್ನು ಅರ್ಧ ಹಣದಲ್ಲಿ ಕೊಂಡು, ಉಳಿದ ಅರ್ಧದಲ್ಲಿ ದರ್ಜೆ ನಮೂದಿಸಿದ ಒಂದೇ ಒಂದು ಬಟ್ಟು ಕೊಳ್ಳಿ. ಬಟ್ಟುಗಳಿಗೆ ಅಂತಾರಾಷ್ಟ್ರೀಯ ದರ್ಜೆಗಳಿವೆ. ಎಂ1 ದರ್ಜೆಯ 50 ಗ್ರಾಮಿನ ಬಟ್ಟಿಗೆ ಅನುಮತಿಸಿದ ತಪ್ಪು 3 ಮಿಲಿಗ್ರಾಂ, ಎಫ್2 ದರ್ಜೆಯದಕ್ಕೆ 1 ಮಿಲಿಗ್ರಾಂ. ಎಂ1 ಬಟ್ಟಿನಿಂದ ಸರಿಹೊಂದಿಸಿದ ಸ್ಕೇಲಿನಲ್ಲಿ ಎರಡು ಪವನಿನ ಸರ ತೂಗಿದರೆ ಬಟ್ಟಿನ ಲೆಕ್ಕದಿಂದ ಬರುವ ತಪ್ಪು ಒಂದು ಮಿಲಿಗ್ರಾಮಿನಷ್ಟು ಮಾತ್ರ. ಪೆಟ್ಟಿಗೆಯೊಳಗೆ ಪುಕ್ಕಟೆಯಾಗಿ ಬರುವ ಬಟ್ಟಿಗೆ ಸಾಮಾನ್ಯವಾಗಿ ಇಂಥ ಯಾವ ದರ್ಜೆಯೂ ಇರುವುದಿಲ್ಲ. ಬಟ್ಟು ಬಂದ ಮೇಲೆ ಅದನ್ನು ಬರಿಗೈಯಿಂದ ಮುಟ್ಟದೆ, ಬಟ್ಟೆಯಿಂದಲೋ ಚಿಮುಟದಿಂದಲೋ ಎತ್ತಿಡಿ. ನಮ್ಮ ಕರಾವಳಿಯ ಬೆವರು ಮತ್ತು ಉಪ್ಪುಗಾಳಿ ಲೋಹವನ್ನು ಸುಮ್ಮನೆ ಬಿಡುವುದಿಲ್ಲ.

ಬಂದ ಹೊಸತರಲ್ಲಿಯೇ ಸ್ಕೇಲನ್ನು ನಮ್ಮ ಊರಿನಲ್ಲಿ ಒಮ್ಮೆ ಸರಿಹೊಂದಿಸಲೇಬೇಕು. ಲೋಡ್ ಸೆಲ್ ಅಳೆಯುವುದು ವಸ್ತುವನ್ನು ಭೂಮಿ ಎಳೆಯುವ ಬಲವನ್ನು, ಮತ್ತು ಆ ಬಲ ಎಲ್ಲ ಊರುಗಳಲ್ಲಿ ಒಂದೇ ಅಲ್ಲ. 40 ಡಿಗ್ರಿ ಅಕ್ಷಾಂಶದ ಸಮೀಪವಿರುವ ಬೀಜಿಂಗಿನಲ್ಲಿ ಸರಿಮಾಡಿದ ಸ್ಕೇಲನ್ನು ಹಾಗೆಯೇ ಉಡುಪಿಗೆ ತಂದರೆ ಅದು ಸುಮಾರು ನೂರಕ್ಕೆ 0.19ರಷ್ಟು ಕಡಿಮೆ ತೋರಿಸುತ್ತದೆ. ಒಂದು ಪವನಿನಲ್ಲಿ 15 ಮಿಲಿಗ್ರಾಂ. ಅಷ್ಟು ದೂರ ಹೋಗುವುದೂ ಬೇಡ. ಸಮುದ್ರಮಟ್ಟದಿಂದ 900 ಮೀಟರಿನಷ್ಟು ಎತ್ತರದ ಬೆಂಗಳೂರಿನಲ್ಲಿ ಸರಿಯಿದ್ದ ಸ್ಕೇಲು ಘಟ್ಟ ಇಳಿದು ಬಂದರೆ, 100 ಗ್ರಾಮಿಗೆ ಸುಮಾರು 30 ಮಿಲಿಗ್ರಾಂ ಹೆಚ್ಚು ತೋರಿಸುತ್ತದೆ. ಅಪ್ಪನ ಕಾಲದ ಎರಡು ತಟ್ಟೆಯ ತ್ರಾಸಿಗೆ ಈ ರಗಳೆ ಇರಲಿಲ್ಲ. ಭೂಮಿ ಚಿನ್ನವನ್ನು ಎಷ್ಟು ಎಳೆಯುತ್ತದೋ ಎದುರಿನ ತಟ್ಟೆಯ ಬಟ್ಟನ್ನೂ ಅಷ್ಟೇ ಎಳೆಯುತ್ತಿತ್ತು, ಅಷ್ಟಕ್ಕೆ ಲೆಕ್ಕ ಸರಿಹೋಗುತ್ತಿತ್ತು.

ಇನ್ನೊಂದು ದೋಷವನ್ನು ನಿಮ್ಮ ಅಡುಗೆಮನೆಯಲ್ಲಿಯೇ ನೋಡಬಹುದು. ಸ್ಕೇಲು 0.00 ತೋರಿಸುತ್ತಿರುವಾಗ ಎಳ್ಳಿನ ಕಾಳುಗಳನ್ನು ಒಂದೊಂದಾಗಿ, ನಡುವೆ ನಾಲ್ಕೈದು ಸೆಕೆಂಡು ಬಿಟ್ಟು, ಇಪ್ಪತ್ತು ಕಾಳು ಹಾಕಿ. ಒಂದು ಕಾಳು ಸುಮಾರು 3 ಮಿಲಿಗ್ರಾಂ ಇರುವುದರಿಂದ ಕೊನೆಗೆ 0.06 ಆಸುಪಾಸು ಬರಬೇಕು. ಅನೇಕ ಅಗ್ಗದ ಸ್ಕೇಲುಗಳು ಆಗಲೂ 0.00 ಎಂದೇ ನಿಂತಿರುತ್ತವೆ. ಅದೇ ಇಪ್ಪತ್ತು ಕಾಳನ್ನು ತೆಗೆದು ಒಟ್ಟಿಗೆ ಸುರಿದರೆ ತೂಕ ಕಾಣಿಸಿಕೊಳ್ಳುತ್ತದೆ. ಸೊನ್ನೆಯ ಹತ್ತಿರದ ಚಿಕ್ಕ ಬದಲಾವಣೆಯನ್ನು ಗಾಳಿಯದೋ ಸೆಖೆಯದೋ ಎಂದು ಭಾವಿಸಿ ಸ್ಕೇಲು ತಾನೇ ಅಳಿಸಿಹಾಕುತ್ತಿರುತ್ತದೆ, ಕಾರಣ ಅಷ್ಟೆ. ಅಕ್ಕಸಾಲಿಯ ಮನೆಯಲ್ಲಿ ಅರದ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ ತೂಗುವವರಿಗೆ ಇದು ನಿಜವಾದ ನಷ್ಟ. ಅಮೆರಿಕದಲ್ಲಿ ಬಂದೂಕಿನ ತೋಟೆಗಳನ್ನು ತಾವೇ ಮರಳಿ ತುಂಬಿಕೊಳ್ಳುವ ಹವ್ಯಾಸಿಗಳು ಮದ್ದಿನ ಹರಳುಗಳನ್ನು ಹೀಗೆಯೇ ಸಣ್ಣಗೆ ಉದುರಿಸುತ್ತಾ ತೂಗುವುದರಿಂದ ಅವರೂ ಈ ದೋಷದ ಬಗ್ಗೆ ದೂರುತ್ತಾರೆ. ಉಪಾಯ ಸುಲಭ: ತಟ್ಟೆಯ ಮೇಲೆ ಒಂದು ನಾಣ್ಯವಿಟ್ಟು, ಅಂಕಿಯನ್ನು ಸೊನ್ನೆಗೆ ತರುವ ಟೇರ್ ಗುಂಡಿಯನ್ನು ಒತ್ತದೆ, ಅದರ ತೂಕವನ್ನು ಬರೆದುಕೊಂಡು ಅದರ ಮೇಲೆ ತೂಗಿ ಕೊನೆಗೆ ಕಳೆಯುವುದು.

ಆ ಹವ್ಯಾಸಿಗಳು ಮದ್ದು ತೂಗುವ ಗ್ರೇನ್ ಎಂಬ ಅಳತೆಗೂ ನಮಗೂ ನಂಟಿದೆ ಎಂಬುದು ಈ ಸಂಚಿಕೆಗೆ ಸಿದ್ಧತೆ ಮಾಡುವಾಗ ನನಗೆ ಖುಷಿ ಕೊಟ್ಟ ಸಂಗತಿ. 1833ರಲ್ಲಿ ಕಂಪೆನಿ ಸರಕಾರ ತೊಲವನ್ನು 180 ಗ್ರೇನ್ ಎಂದು ನಿಗದಿಪಡಿಸಿದ್ದರಿಂದಲೇ ತೊಲ ಇಂದು 11.66 ಗ್ರಾಂ ಆಗಿದೆ. ತೊಲಕ್ಕೆ 96 ರತ್ತಿ, ರತ್ತಿ ಎಂದರೆ ನಮ್ಮ ಗುಲಗಂಜಿ. ಆದರೆ ನಿಮ್ಮ ಸ್ಕೇಲಿನಲ್ಲಿ ಅಳತೆ ಬದಲಿಸುವ ಗುಂಡಿ ಒತ್ತಿದಾಗ ಟಿಎಲ್ ಎಂಬ ಅಕ್ಷರ ಬಂದರೆ ಅದನ್ನು ತೊಲ ಎಂದು ತಿಳಿಯಬೇಡಿ. ಅದು ಟೇಲ್ ಎಂಬ ಚೀನೀ ಅಳತೆ, ಒಂದಕ್ಕೆ 37 ಗ್ರಾಮಿಗಿಂತ ಹೆಚ್ಚು. ತೊಲವೆಂದು ಭ್ರಮಿಸಿ ಅಜ್ಜಿಯ ಒಡವೆಯನ್ನು ಮೂರನೇ ಒಂದು ಭಾಗಕ್ಕೆ ಇಳಿಸಿದವರನ್ನು ನಾನು ಬಲ್ಲೆ. ಗ್ರಾಮಿನಲ್ಲೇ ಇಟ್ಟುಕೊಳ್ಳುವುದು ಕ್ಷೇಮ.

ಬಟ್ಟು ಬರುವುದಕ್ಕೆ ಮೊದಲು ಅಂದಾಜು ಪರೀಕ್ಷೆಗೆ ನಾಣ್ಯ ಸಾಕು. ರೂಪಾಯಿ ಚಿಹ್ನೆಯಿರುವ 2011ರ ಮಾದರಿಯ 5 ರೂಪಾಯಿ ನಾಣ್ಯ 6 ಗ್ರಾಂ, 10 ರೂಪಾಯಿಯದು 7.71 ಗ್ರಾಂ. 2019ರ ಮಾದರಿಯ 5 ರೂಪಾಯಿ 6.74 ಗ್ರಾಂ ಇರುವುದರಿಂದ ಇಸವಿ ನೋಡಿ ಆರಿಸಿಕೊಳ್ಳಿ, ಸವೆದದ್ದನ್ನು ಬಿಡಿ. ಇದರಿಂದ ಸ್ಕೇಲು ಪೂರ್ತಿ ಕೆಟ್ಟಿದೆಯೇ ಎಂದು ತಿಳಿಯುತ್ತದೆಯೇ ಹೊರತು ಮಿಲಿಗ್ರಾಮಿನ ಜಗಳಕ್ಕೆ ಇದು ಆಧಾರವಲ್ಲ. ಅದೇ ನಾಣ್ಯವನ್ನು ತಟ್ಟೆಯ ನಾಲ್ಕು ಮೂಲೆಗಳಲ್ಲಿಟ್ಟು ನೋಡಿ. ಮೂಲೆಯಿಂದ ಮೂಲೆಗೆ ಅಂಕಿ ಬದಲಾದರೆ ಹಿಂತಿರುಗಿಸುವ ಗಡುವು ಮುಗಿಯುವ ಮೊದಲೇ ವಾಪಸು ಕಳುಹಿಸಿ. ತೂಗುವಾಗ ಫ್ಯಾನು ನಿಲ್ಲಿಸಬೇಕು, ಸ್ಕೇಲನ್ನು ಕಾಲು ಗಂಟೆ ಮೊದಲೇ ಚಾಲೂ ಮಾಡಿಡಬೇಕು, ಮರದ ಅಲುಗುವ ಮೇಜಿಗಿಂತ ಕಡಪ ಕಲ್ಲಿನ ಕಟ್ಟೆ ಮೇಲು. ಬ್ಯಾಟರಿ ಮುಗಿಯುತ್ತಾ ಬಂದಿರುವ ಸ್ಕೇಲು ಏನು ಬೇಕಾದರೂ ಹೇಳುತ್ತದೆ. ಶಂಕರಪುರದ ಮಲ್ಲಿಗೆಯವರು ಜಾಣರು ಎಂದು ನನಗೆ ಆಗಾಗ ಅನಿಸುವುದುಂಟು: ಚೆಂಡಿಗೆ 800 ಹೂ, ಅಟ್ಟೆಗೆ ನಾಲ್ಕು ಚೆಂಡು ಎಂದು ಎಣಿಸಿಯೇ ವ್ಯಾಪಾರ ಮುಗಿಸುತ್ತಾರೆ, ತ್ರಾಸಿನ ಗೊಡವೆಯೇ ಇಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಇಂಥ ಸ್ಕೇಲಿನ ಕೆಲಸ ಮನೆಯೊಳಗಿನದು. ಹಳೆಯ ಒಡವೆ ಬದಲಾಯಿಸುವ ಮುನ್ನ, ಸೊಸೈಟಿಯಲ್ಲಿ ಅಡವಿಡುವ ಮುನ್ನ ತೂಕ ಬರೆದಿಟ್ಟುಕೊಳ್ಳಲು ಅದು ಬೇಕು. ಹತ್ತಿಪ್ಪತ್ತು ಮಿಲಿಗ್ರಾಮಿನ ವ್ಯತ್ಯಾಸಕ್ಕೆ ಯಾರ ಮೇಲೂ ದೂರು ಹೊರಿಸಲು ಅದು ಸಾಲದು. ಮನೆಯಲ್ಲೇ ಕೆಲಸ ಮಾಡಿ ಚಿನ್ನ ಬೆಳ್ಳಿ ಮಾರುವವರಂತೂ ಇದನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ವ್ಯಾಪಾರದ ತ್ರಾಸಿಗೆ ಇಲಾಖೆಯ ಪರಿಶೀಲನೆ ಮತ್ತು ಮುದ್ರೆ ಬೇಕು, ಎಲೆಕ್ಟ್ರಾನಿಕ್ ತ್ರಾಸನ್ನು ವರ್ಷಕ್ಕೊಮ್ಮೆ ಮರುಪರಿಶೀಲನೆ ಮಾಡಿಸಬೇಕು.

ಆ ದಿನ ಅಂಗಡಿಯಿಂದ ಹೊರಡುವಾಗ ಬಟ್ಟನ್ನು ಚರಂಡಿಗೆ ಎಸೆಯುವಷ್ಟು ಕೋಪ ನನಗಿತ್ತು. ಅಂಗಡಿಯವರೇ ತಡೆದು, "ಯಾಕೆ ಬಿಸಾಡ್ತೀರಿ, ಅದರ ನಿಜವಾದ ತೂಕ ಈಗ ನಿಮಗೆ ಗೊತ್ತುಂಟಲ್ಲ" ಎಂದರು. ಮಾತು ಸರಿಯಾಗಿತ್ತು. ನನ್ನ ಸ್ಕೇಲು ಸರಿಹೊಂದಿಸಿಕೊಳ್ಳುವುದಕ್ಕೆ ಸರಿಯಾಗಿ 50 ಗ್ರಾಮನ್ನೇ ಕೇಳುವುದರಿಂದ ಆ ಕೆಲಸಕ್ಕೆ ಬೇರೆ ಬಟ್ಟು ತಂದೆ. ಹಳೆಯದನ್ನು ಅದರ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಟ್ಟು, ಮುಚ್ಚಳದ ಮೇಲೆ ಮಾರ್ಕರಿನಿಂದ 50.180 ಎಂದು ಬರೆದಿದ್ದೇನೆ. ತಿಂಗಳಿಗೊಮ್ಮೆ ಅದನ್ನು ಸ್ಕೇಲಿನ ಮೇಲಿಡುತ್ತೇನೆ, ಮತ್ತು ಪರದೆಯಲ್ಲಿ ಅದೇ ಅಂಕಿ ಬರುತ್ತದೆಯೇ ಎಂದು ನೋಡುತ್ತೇನೆ.