ವಿಮಾನ ಪರೀಕ್ಷಿಸುವವರಿಗೆ ದುಡ್ಡು ಕೊಡುವುದು ಯಾರು? ಸೊಸೈಟಿಯ ಸರಾಫರನ್ನು ಕೇಳಿ!

(ದೃಶ್ಯ: ಬಜ್ಪೆ ರಸ್ತೆಯ ತಿರುವು. ತಲೆ ಮೇಲೆ ಇಳಿಯುತ್ತಿರುವ ವಿಮಾನ.)

ನಮಸ್ಕಾರ. ಮಂಗಳೂರಿನ ಟೇಬಲ್ ಟಾಪ್ ರನ್‌ವೇ (ಗುಡ್ಡದ ತಲೆ ಮೇಲೆ ಕಟ್ಟಿದ್ದು) ಬಗ್ಗೆ ವಿಡಿಯೋ ಮಾಡಿದ್ದೆನಲ್ಲ, ಅದನ್ನು ನೋಡಿ ಒಬ್ಬರು ಕೇಳಿದರು: "ವಿಮಾನ, ಪೈಲಟ್ ಎಲ್ಲ ಸರಿ ಉಂಟಾ ಅಂತ ನೋಡುವ ಕೆಲಸವನ್ನು ಸರ್ಕಾರ ಹೊರಗಿನವರಿಗೆ ಕೊಡಬಹುದಾ ಮಾರಾಯ್ರೆ?"

ಮೊದಲು ನಗು ಬಂತು. ಆಮೇಲೆ ಓದುತ್ತಾ ಕೂತೆ, ಎರಡು ವಾರ ಹೋಯಿತು. ಕೊಡಬಹುದು. ಕೊಡುತ್ತಲೂ ಇದ್ದಾರೆ.

ಬೇಸಿಕ್ ವಿಷಯ ಬೇಗ ಮುಗಿಸುತ್ತೇನೆ. 1944ರ ಶಿಕಾಗೋ ಒಪ್ಪಂದದ ಪ್ರಕಾರ ಪ್ರತಿ ದೇಶವೂ ತನ್ನ ವಿಮಾನಯಾನದ ಸುರಕ್ಷತೆಗೆ ತಾನೇ ಜವಾಬ್ದಾರಿ. ನಮ್ಮಲ್ಲಿ ಆ ಕಚೇರಿ ಡಿಜಿಸಿಎ. ಏರ್‌ಲೈನ್‌ಗೆ ಪರವಾನಗಿ, ಪೈಲಟ್‌ಗೆ ಲೈಸೆನ್ಸ್, ರಿಪೇರಿ ಶೆಡ್ಡಿನ ತಪಾಸಣೆ, ವಿಮಾನ ನಿಲ್ದಾಣದ ತಪಾಸಣೆ, ಎಲ್ಲ ಅವರದ್ದೇ. ಇಷ್ಟು ಸಾಕು.

ತೊಂದರೆ ಎಲ್ಲಿ ಅಂದರೆ, ಪೈಲಟ್‌ನನ್ನು ಅಳೆಯಲು ಇನ್ನೊಬ್ಬ ಪೈಲಟೇ ಬೇಕು. ಬೋಯಿಂಗ್ 737 ಬಗ್ಗೆ ತೀರ್ಪು ಕೊಡುವವರಿಗೆ ಅದನ್ನು ಹಾರಿಸಿ ಗೊತ್ತಿರಬೇಕು. ಅಂಥವರಿಗೆ ಏರ್‌ಲೈನ್‌ನಲ್ಲಿ ಸಿಗುವ ಸಂಬಳದ ಮುಂದೆ ಸರ್ಕಾರಿ ಸಂಬಳ ಏನೂ ಅಲ್ಲ. ಯಾಕೆ ಬರುತ್ತಾರೆ ಹೇಳಿ?

ಇದು ನಮಗೇ ಬಿಸಿ ಮುಟ್ಟಿಸಿದ ವಿಷಯ. 2014ರ ಜನವರಿ 31ರಂದು ಅಮೆರಿಕದ ಎಫ್‌ಎಎ, ಅಂದರೆ ಅಲ್ಲಿನ ಡಿಜಿಸಿಎಯಂಥ ಕಚೇರಿ, ಸುರಕ್ಷತೆಯ ಉಸ್ತುವಾರಿಗೆ ಕೊಡುವ ದರ್ಜೆಯಲ್ಲಿ ಭಾರತವನ್ನು ಕೆಟಗರಿ 1ರಿಂದ 2ಕ್ಕೆ ಇಳಿಸಿತು. ನಮ್ಮ ವಿಮಾನಗಳು ಕೆಟ್ಟಿವೆ ಅಂತ ಅಲ್ಲ, ಅವುಗಳನ್ನು ನೋಡಿಕೊಳ್ಳುವ ಕಚೇರಿಯೇ ಸಾಲದು ಅಂತ. ದೊಡ್ಡ ದೂರುಗಳಲ್ಲಿ ಒಂದು: ಪೂರ್ಣಾವಧಿ ಇನ್‌ಸ್ಪೆಕ್ಟರ್‌ಗಳಿಲ್ಲ, ಏರ್‌ಲೈನ್‌ಗಳಿಂದ ಎರವಲು ತಂದ ಪೈಲಟ್‌ಗಳ ಮೇಲೆಯೇ ಕೆಲಸ ನಡೆಯುತ್ತಿದೆ. ಏರ್ ಇಂಡಿಯಾ, ಜೆಟ್ ಏರ್‌ವೇಸ್ ಎರಡೂ ಅಮೆರಿಕಕ್ಕೆ ಹೊಸ ಫ್ಲೈಟ್ ಸೇರಿಸುವಂತಿರಲಿಲ್ಲ. ಒಳ್ಳೆಯ ಸಂಬಳಕ್ಕೆ, ಗುತ್ತಿಗೆ ಮೇಲೆ ಇನ್‌ಸ್ಪೆಕ್ಟರ್‌ಗಳನ್ನು ನೇರವಾಗಿ ತೆಗೆದುಕೊಂಡ ಮೇಲೆ, 2015ರ ಏಪ್ರಿಲ್‌ನಲ್ಲಿ ಕೆಟಗರಿ 1 ವಾಪಸ್ ಬಂತು.

ಹಾಗಾದರೆ ಹೊರಗಿನವರನ್ನು ತಂದದ್ದೇ ತಪ್ಪಾ? ಇಲ್ಲಿ ನಾವು ವಿಮಾನ ಬಿಟ್ಟು, ಬಂಗಾರದ ಮೇಲೆ ಸಾಲ ಕೊಡುವ ಸಹಕಾರಿ ಸೊಸೈಟಿಗೆ ಹೋಗೋಣ.

(ದೃಶ್ಯ: ಒರೆಗಲ್ಲು, ಬಳೆ, ಚಿಕ್ಕ ತಕ್ಕಡಿ.)

ಉಡುಪಿ, ಮಂಗಳೂರಿನವರಿಗೆ ಬಂಗಾರ ಅಡವಿಡುವುದನ್ನು ವಿವರಿಸಬೇಕಾ? ಶಾಲೆ ಫೀಸು, ಮಳೆಗಾಲದ ಮಾಡು ರಿಪೇರಿ, ಎಲ್ಲದಕ್ಕೂ ಅಮ್ಮನ ಬಳೆ ಸೊಸೈಟಿಗೆ ಹೋಗಿ ಬರುತ್ತದೆ. ಅಲ್ಲಿ ಮೂಲೆಯ ಮೇಜಿನಲ್ಲಿ ಸರಾಫರು ಕೂತಿರುತ್ತಾರೆ. ಬಳೆಯನ್ನು ಒರೆಗಲ್ಲಿಗೆ ಉಜ್ಜುತ್ತಾರೆ, ಗೆರೆಯ ಮೇಲೆ ಒಂದು ಹನಿ ಆಸಿಡ್ ಬಿಡುತ್ತಾರೆ, ಕಣ್ಣು ಸಣ್ಣ ಮಾಡಿ ನೋಡುತ್ತಾರೆ. ಚಿಕ್ಕವನಿದ್ದಾಗ ನನಗೆ ಅವರೇ ಮ್ಯಾನೇಜರ್ ಅಂತ ಅನ್ನಿಸಿತ್ತು. ಅಷ್ಟು ಗತ್ತು!

ಆದರೆ ಸಾಮಾನ್ಯವಾಗಿ ಸರಾಫರು ಅಲ್ಲಿನ ನೌಕರರೇ ಅಲ್ಲ. ಹೊರಗಿನ ಪರಿಣತರು. ಮ್ಯಾನೇಜರಿಗೆ ಬಂಗಾರ ಗೊತ್ತಿಲ್ಲ, ಅದಕ್ಕೇ ಇವರು. ಅವರ ಫೀಸು ಬರುವುದು ಅಡವಿಡುವವರ ಜೇಬಿನಿಂದ, ಸಾಲದ ಮೊತ್ತಕ್ಕೆ ತಕ್ಕ ಹಾಗೆ. ಅಂದರೆ "ಇದು ನಕಲಿ" ಅಂದ ದಿನ ಅವರಿಗೆ ಕಾಸಿಲ್ಲ. "ಅಸಲಿ" ಅಂದರೆ ಉಂಟು. ಗಮನಿಸಿದಿರಾ? ಹೆಚ್ಚಿನ ಸರಾಫರು ಪ್ರಾಮಾಣಿಕರೇ. ಆದರೆ ತಕ್ಕಡಿಯ ಒಂದು ಬದಿಗೆ ಮೊದಲೇ ಸ್ವಲ್ಪ ಭಾರ ಬಿದ್ದಿದೆ.

ಅದಕ್ಕೇ ಸುಮ್ಮನೆ ನಂಬಿ ಕೂರುವುದಿಲ್ಲ. ಆಗಾಗ ಇನ್ನೊಬ್ಬ ಸರಾಫರನ್ನು ಕರೆಸಿ, ಕಪಾಟಿನ ಚೀಲ ಬಿಚ್ಚಿಸಿ ಮತ್ತೆ ಉಜ್ಜಿಸುತ್ತಾರೆ. ಚೀಲದಲ್ಲಿ ಹಿತ್ತಾಳೆ ಸಿಕ್ಕಿದರೆ ಡೆಪಾಸಿಟ್ ಇಟ್ಟವರು ಹುಡುಕಿಕೊಂಡು ಹೋಗುವುದು ಸರಾಫರ ಮನೆಗಲ್ಲ, ಮ್ಯಾನೇಜರ್ ಹತ್ತಿರ.

ಈಗ ಅಡವಿಡುವವರ ಜಾಗದಲ್ಲಿ ಏರ್‌ಲೈನ್, ಮ್ಯಾನೇಜರ್ ಜಾಗದಲ್ಲಿ ಡಿಜಿಸಿಎಯಂಥ ಕಚೇರಿ, ಸರಾಫರ ಜಾಗದಲ್ಲಿ ಹೊರಗಿನ ಇನ್‌ಸ್ಪೆಕ್ಟರ್. ಏರ್‌ಲೈನ್‌ನಿಂದ ಎರವಲು ತಂದ ಪೈಲಟ್ ಅಂದರೆ? ಅಡವಿಡಲು ಬಂದವನ ಬಾವನೇ ಸರಾಫ!

ಯುರೋಪಿನವರು ಇದನ್ನು ಕಾನೂನಿನಲ್ಲೇ ಬರೆದಿಟ್ಟಿದ್ದಾರೆ. ಅವರ 2018ರ ವಿಮಾನಯಾನ ಕಾನೂನು ತಪಾಸಣೆಯ ಕೆಲಸವನ್ನು ಅರ್ಹ ಸಂಸ್ಥೆಗಳಿಗೆ ವಹಿಸಲು ಬಿಡುತ್ತದೆ. ಆದರೆ ಒಂದು ಷರತ್ತು ನೋಡಿ, ನನಗೆ ತುಂಬಾ ಇಷ್ಟವಾದದ್ದು: ಪರೀಕ್ಷಿಸುವವರ ಸಂಬಳ ಎಷ್ಟು ತಪಾಸಣೆ ಮಾಡಿದರು ಎಂಬುದರ ಮೇಲೂ ನಿಲ್ಲಬಾರದು, ಫಲಿತಾಂಶ ಏನು ಬಂತು ಎಂಬುದರ ಮೇಲೂ ನಿಲ್ಲಬಾರದು. ನಮ್ಮ ಸರಾಫರಿಗೆ ಆ ಕೆಲಸ ಸಿಗುವುದಿಲ್ಲ ಬಿಡಿ.

(ಎಡಿಟರ್ ಗಡಿಯಾರ ತೋರಿಸುತ್ತಿದ್ದಾನೆ. ಉಳಿದದ್ದು ಸ್ಪೀಡಲ್ಲಿ.)

ಅಮೆರಿಕದಲ್ಲಿ ಬೇರೆ ದಾರಿ. ಹೊಸ ವಿಮಾನಕ್ಕೆ ಒಪ್ಪಿಗೆ ಕೊಡುವ ಕೆಲಸದ ದೊಡ್ಡ ಪಾಲನ್ನು ಎಫ್‌ಎಎ ಹೆಸರಿನಲ್ಲಿ ಮಾಡಿದವರು ಬೋಯಿಂಗ್‌ನ ನೌಕರರೇ. 737 ಮ್ಯಾಕ್ಸ್ ಹಾಗೆ ಪಾಸಾಯಿತು. ಒಂದೇ ಸೆನ್ಸರ್ ತಪ್ಪು ಹೇಳಿದರೆ ವಿಮಾನದ ಮೂತಿಯನ್ನು ಕೆಳಗೆ ತಳ್ಳುವ ಸಾಫ್ಟ್‌ವೇರ್ ಅದರಲ್ಲಿತ್ತು. 2018ರ ಅಕ್ಟೋಬರ್‌ನಲ್ಲಿ ಇಂಡೋನೇಷ್ಯಾ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾ. ಎರಡು ವಿಮಾನ, 346 ಜೀವ. 2020ರ ಡಿಸೆಂಬರ್‌ನಲ್ಲಿ ಕಾನೂನು ಬಿಗಿ ಮಾಡಿದರು.

ಪೆಸಿಫಿಕ್‌ನ ಪುಟ್ಟ ದ್ವೀಪಗಳದ್ದು ಬೇರೆಯೇ ಕಥೆ. ಒಂದೊಂದು ದ್ವೀಪಕ್ಕೂ ಒಂದೊಂದು ಪರಿಣತರ ತಂಡ ಎಲ್ಲಿಂದ ತರುವುದು? ಹಲವು ದೇಶ ಸೇರಿ ವನುವಾಟುವಿನಲ್ಲಿ ಒಂದು ಕಚೇರಿ ಮಾಡಿಕೊಂಡಿವೆ. ಇನ್‌ಸ್ಪೆಕ್ಟರ್ ಅಲ್ಲಿಂದ ಬರುತ್ತಾರೆ, ಜವಾಬ್ದಾರಿ ಆಯಾ ದೇಶದ್ದೇ. ನನಗೆ ಇದು ಬುದ್ಧಿವಂತಿಕೆ ಅನ್ನಿಸುತ್ತದೆ.

ಇನ್ನು ನಮ್ಮ ಊರು. 2010ರ ಮೇ 22, ದುಬೈಯಿಂದ ಬಂದ ವಿಮಾನ ಇಲ್ಲಿ ಅಪಘಾತಕ್ಕೀಡಾಯಿತು, 158 ಜನ ತೀರಿಕೊಂಡರು. ಅದರ ತನಿಖೆಗೆ ಸರ್ಕಾರ ಕರೆದದ್ದು ಹೊರಗಿನವರನ್ನೇ. ವಾಯುಪಡೆಯ ನಿವೃತ್ತ ಏರ್ ಮಾರ್ಷಲ್ ಬಿ. ಎನ್. ಗೋಖಲೆ ಅದರ ಮುಖ್ಯಸ್ಥರು. 2012ರಲ್ಲಿ ಅಪಘಾತಗಳ ತನಿಖೆಗೆ ಎಎಐಬಿ ಎಂಬ ಬೇರೆ ಕಚೇರಿಯೇ ಬಂತು. ತಪಾಸಣೆ ಮಾಡುವವರ ತಪ್ಪನ್ನು ಅವರೇ ಹುಡುಕಬಾರದು, ಅಲ್ವಾ?

ಪ್ರಶ್ನೆ ಕೇಳಿದವರಿಗೆ ನನ್ನ ಉತ್ತರ: ಕೊಡಬಹುದು. ಆದರೆ ದುಡ್ಡು ಏರ್‌ಲೈನ್ ಕೈಯಿಂದ ಬರಬಾರದು, ಕಪಾಟಿನ ಚೀಲ ಮತ್ತೆ ಬಿಚ್ಚಿ ನೋಡುವಷ್ಟು ಪರಿಣತರು ಕಚೇರಿಯ ಒಳಗೂ ಇರಬೇಕು. ಎರವಲಿನವರು ಸಾಲದು ಅಂತ 2014ರಲ್ಲಿ ನಮಗೆ ಹೇಳಿದ್ದು ಅದಕ್ಕೇ.

ಮುಂದಿನ ವಾರ, ರನ್‌ವೇಯಿಂದ ಹಕ್ಕಿ ಓಡಿಸುವವರ ಕಥೆ. ಪಟಾಕಿ ಶಬ್ದ ಉಂಟು, ಇಯರ್‌ಫೋನ್ ತೆಗೆದಿಟ್ಟು ಬನ್ನಿ.