ಆ ಕಡೆ ಯಾರೋ ಜಗಳ ಆಡ್ತಿದ್ದಾರಾ?

ವೇದಿಕೆಯ ಮೇಲಿರುವವರಿಗೆ, ಕೆಳಗೆ ಫ್ಯಾನಿನ ಗಾಳಿ ಸಿಗದೆ ಕೂತವರಿಗೆ, ಎಲ್ಲರಿಗೂ ಶರಣು ಶರಣಾರ್ಥಿ. ಡೇಟಿಂಗ್ ಬಗ್ಗೆ ಮಾತಾಡುತ್ತೇನೆ ಅಂದಿದ್ದೆ. ಆಮಂತ್ರಣದಲ್ಲಿ ಅದು 'ಮಾಧ್ಯಮ ಮತ್ತು ಯುವಜನ' ಆಗಿದೆ. ಇರಲಿ, ಪಾಲಕರೂ ಓದುತ್ತಾರಲ್ವಾ.

ನೇರ ಕಥೆಗೇ ಬರುತ್ತೇನೆ. ನಮ್ಮ ಚಿಕ್ಕಮ್ಮನ ಮಗ ಬೆಂಗಳೂರಿನಲ್ಲಿ ನೌಕರಿ ಮಾಡುತ್ತಾನೆ. ಆ್ಯಪ್‌ನಲ್ಲಿ ಒಬ್ಬ ಹುಡುಗಿಯ ಪರಿಚಯವಾಯಿತು. ಮೂರು ವಾರ ಬರೀ ಚಾಟ್. ಅವಳ ಮಟ್ಟಿಗೆ ಅವನು 8 ಕಿಲೋಮೀಟರ್ ದೂರದ, ಒಳ್ಳೆ ಶರ್ಟ್ ಹಾಕುವ ಹುಡುಗ. ಶರಣಬಸವೇಶ್ವರ ಜಾತ್ರೆಗೆ ಊರಿಗೆ ಬಂದವನು ಇಲ್ಲಿಯೇ ಆ್ಯಪ್ ತೆರೆದ. ಅವಳ ಫೋನಿನಲ್ಲಿ ಆ್ಯಪ್ ತೋರಿಸುವ ದೂರ 8 ಇದ್ದದ್ದು 500ರ ಹತ್ತಿರ ಹೋಯಿತು.

'ಎಲ್ಲಿದ್ದೀಯಾ?'

'ಕಲಬುರಗಿ. ನಮ್ಮೂರು.'

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, 'ಓ, ಅಲ್ಲಿ ತುಂಬಾ ಬಿಸಿಲಲ್ವಾ? ಜನ ಸ್ವಲ್ಪ ಒರಟು ಅಂತಾರೆ.' ಮೂರು ವಾರ ಒರಟಾಗಿರದ ಹುಡುಗ ಒಂದು ಊರಿನ ಹೆಸರಿಗೆ ಒರಟಾದ! ಇವನು ಬಿಡಲಿಲ್ಲ, ಫೋನ್ ಮಾಡಿದ. ಮಾತು ನಡೆದಿತ್ತು. ಅಡುಗೆಮನೆಯಿಂದ ನಮ್ಮ ಚಿಕ್ಕಮ್ಮ ಕೂಗಿದಳು: 'ಏ ತಮ್ಮಾ, ರೊಟ್ಟಿ ತಣ್ಣಗಾಗ್ಲಾಕತ್ಯಾವ, ಜಲ್ದಿ ಬಾರೋ!' ಚಿಕ್ಕಮ್ಮನ ಧ್ವನಿ ನಿಮಗೆ ಗೊತ್ತಿಲ್ಲ. ಮೈಕ್ ಬೇಕಾಗಿಲ್ಲ. ಆ ಹುಡುಗಿ ಗಾಬರಿಯಾಗಿ ಕೇಳಿದಳಂತೆ, 'ಆ ಕಡೆ ಯಾರೋ ಜಗಳ ಆಡ್ತಿದ್ದಾರಾ?'

ನಗಬೇಡಿ. ಅಥವಾ ನಗಿ, ಆದರೆ ಯೋಚನೆ ಮಾಡಿ. ಅದು ಊಟಕ್ಕೆ ಕರೆದ ಪ್ರೀತಿ. ಅವಳಿಗೆ ಜಗಳ ಅಂತ ಯಾಕೆ ಕೇಳಿಸಿತು? ಸಿನಿಮಾದಲ್ಲಿ ನಮ್ಮ ಮಾತು ಬಂದರೆ ಹೆಚ್ಚಾಗಿ ಒಂದೋ ನಗಿಸುವವನ ಬಾಯಲ್ಲಿ, ಇಲ್ಲ ಮಚ್ಚು ಹಿಡಿದವನ ಬಾಯಲ್ಲಿ. ಹುಡುಗಿಯ ಹಿಂದೆ ಹಾಡುವವನು ಮಾತ್ರ ಬೆಂಗಳೂರು ಕನ್ನಡ ಆಡುತ್ತಾನೆ. ಟಿವಿಯಲ್ಲಿ ನಾವು ಕಾಣುವುದು ಬೇಸಿಗೆಯಲ್ಲಿ, ಇಲ್ಲ ತೊಗರಿ ಒಣಗಿದಾಗ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಸೀಮೆಯವರು. ಹಾಗಾಗಿ ಜಲ್ದಿ, ಜರಾ ಅನ್ನುವ ಉರ್ದು ಮಾತುಗಳು ನಮ್ಮ ಬಾಯಲ್ಲಿವೆ. ಹೈದರಾಬಾದ್ ಕರ್ನಾಟಕ ಅನ್ನುತ್ತಿದ್ದ ನಮ್ಮ ಸೀಮೆಗೆ 2019ರಲ್ಲಿ ಸರ್ಕಾರ ಕಲ್ಯಾಣ ಕರ್ನಾಟಕ ಅಂತ ಹೆಸರು ಇಟ್ಟಿತು. ಹೆಸರು ಬದಲಾಯಿತು, ಸಿನಿಮಾದ ಮಚ್ಚು ಬದಲಾಗಲಿಲ್ಲ. ಧ್ವನಿ ಜೋರಿದ್ದರೆ ಸಿಟ್ಟು ಅಂತಲ್ಲ. 'ಬರ್ರಿ, ಕೂಡ್ರಿ, ಹೌದ್ರಿ' ಅನ್ನುವಾಗ ಕೊನೆಗಿರುವ ಆ 'ರಿ' ಕೇಳಿಸಿಕೊಳ್ಳಬೇಕು.

ಇನ್ನು ದೂರದ ವಿಷಯ. ಹತ್ತಿರ ಇರುವವರು ಮನಸ್ಸಿಗೆ ಹಿಡಿಸುವುದು ಹೊಸದೇನಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೊಸಾರ್ಡ್ ಅನ್ನುವ ಸಮಾಜಶಾಸ್ತ್ರಜ್ಞ 5,000 ಮದುವೆ ಲೈಸೆನ್ಸ್ ನೋಡಿ 1932ರಲ್ಲಿ ಬರೆದ. ಸುಮಾರು ಮೂರರಲ್ಲಿ ಒಂದು ಪಾಲು ಜೋಡಿಗಳು ಐದು ಬೀದಿಗಳೊಳಗೇ ಇದ್ದವರು. ನಮ್ಮಲ್ಲಿ ಅದನ್ನು ಸೋದರಮಾವನ ಮನೆ ಅಂತ ಕರೆಯುತ್ತಿದ್ದೆವು! ಈಗ ಆ ಐದು ಬೀದಿಯ ಕೆಲಸವನ್ನು ಫೋನ್ ಮಾಡುತ್ತದೆ. ಬೆಂಗಳೂರಿನಲ್ಲಿ ಆ್ಯಪ್ ತೆರೆದು '10 ಕಿಲೋಮೀಟರ್ ಒಳಗಿನವರು' ಅಂತ ಇಟ್ಟರೆ ಸಾವಿರ ಮುಖ. ಇಲ್ಲಿ ಅಷ್ಟೇ ಇಟ್ಟು ನೋಡಿ, ಮೂರನೇ ಮುಖ ನಿಮ್ಮ ಅಣ್ಣನ ಗೆಳೆಯನದು. ಅವನೂ ನಿಮ್ಮನ್ನು ನೋಡಿರುತ್ತಾನೆ. ಸಂಜೆಗೆ ಮನೆಗೆ ಸುದ್ದಿ. ಹಾಗಾಗಿ ಇಲ್ಲಿಯ ಒಳ್ಳೆ ಹುಡುಗರೂ ಮುಖ ಮುಚ್ಚಿಕೊಂಡು, ಬುಲೆಟ್ ಗಾಡಿಯ ಫೋಟೋ ಹಾಕುತ್ತಾರೆ. ನೋಡಿದವಳು 'ಇಲ್ಲಿಯ ಗಂಡಸರೇ ಹೀಗೆ' ಅಂತಾಳೆ.

ನಾವೂ ಕಮ್ಮಿಯಿಲ್ಲ. ಮೆಲ್ಲಗೆ ಮಾತಾಡುವ ಬೆಂಗಳೂರಿನವನನ್ನು 'ಎಷ್ಟು ಡೀಸೆಂಟ್' ಅಂತೀವಿ. ಮೆಲ್ಲಗೆ ಮಾತಾಡುತ್ತಲೇ ಮೋಸ ಮಾಡಿದವರನ್ನು ನಾನು ಕಂಡಿದ್ದೇನೆ. ಧ್ವನಿ ಜೋರಿದ್ದರೆ ಸಿಟ್ಟಲ್ಲ, ಸಣ್ಣದಿದ್ದರೆ ಸಭ್ಯತೆಯೂ ಅಲ್ಲ. ಮೂರು ಸಲ ಹೇಳುತ್ತೇನೆ, ಬರೆದುಕೊಳ್ಳಿ.

ಚೀಟಿ ಬಂತು. 'ಐದು ನಿಮಿಷ' ಅಂತ ಬರೆದಿದ್ದಾರೆ. ನನ್ನ ಹತ್ತಿರ ಇನ್ನೂ ನಾಲ್ಕು ಹಾಳೆ ಇವೆ.

ಜಾರ್ಜ್ ಗರ್ಬ್ನರ್ ಅನ್ನುವ ಮಾಧ್ಯಮ ಸಂಶೋಧಕರ ಹೆಸರು ಹೇಳಿಬಿಡುತ್ತೇನೆ. ಟಿವಿ ಜಾಸ್ತಿ ನೋಡುವವರಿಗೆ ಜಗತ್ತು ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ ಅಂದವರು. ಹಾಗಂತ ಹುಷಾರು ಬೇಡ ಅನ್ನುತ್ತಿಲ್ಲ, ಪ್ರಾಂಶುಪಾಲರು ನನ್ನನ್ನೇ ನೋಡುತ್ತಿದ್ದಾರೆ. ಮೊದಲ ಭೇಟಿ ಜನ ಇರುವ ಕಡೆ ಇರಲಿ, ಗೆಳತಿಗೆ ಹೇಳಿ ಹೋಗಿ. ಭಯ ನಿಮ್ಮದು, ಅದಕ್ಕೆ ಕಾರಣವೂ ಇದೆ. ಆದರೆ ಒಬ್ಬನನ್ನು ನೋಡಿ ಹುಟ್ಟಿದ್ದೋ, ಊರಿನ ಹೆಸರು ನೋಡಿ ಹುಟ್ಟಿದ್ದೋ, ಅಷ್ಟು ಕೇಳಿಕೊಳ್ಳಿ. ರೀಲ್ಸ್, ಮ್ಯಾಟ್ರಿಮೊನಿ ಸೈಟು, 'ಬೆಂಗಳೂರಲ್ಲಿ ಸ್ವಂತ ಮನೆ ಇದ್ದವರಿಗೆ ಆದ್ಯತೆ' ಎಲ್ಲ ಬಿಟ್ಟೆ.

ತಮ್ಮನ ಕಥೆ ಏನಾಯಿತು ಅಂತೀರಾ? ಇಬ್ಬರೂ ಮಾತಾಡುತ್ತಿದ್ದಾರೆ. ಅವಳು 'ಜಲ್ದಿ' ಅನ್ನುವುದನ್ನು ಕಲಿತಿದ್ದಾಳೆ. ಅವಳ ಅಪ್ಪ ಮಾತ್ರ ಮ್ಯಾಪ್‌ನಲ್ಲಿ ದೂರ ನೋಡಿ ಇನ್ನೂ ಸುಮ್ಮನಿದ್ದಾರಂತೆ. ಚಿಕ್ಕಮ್ಮ ಅವರ ಹತ್ತಿರ ತಾನೇ ಮಾತಾಡುತ್ತೇನೆ ಅನ್ನುತ್ತಿದ್ದಾಳೆ. ಫೋನ್ ಕೊಡಬೇಡ ಅಂತ ತಮ್ಮನಿಗೆ ಹೇಳಿದ್ದೇನೆ. ಆಳಂದ ಬಸ್ಸಿನವರು ಎದ್ದು ನಿಂತರು, ಹೋಗಿ ಬರ್ರಿ.