ಡೆಂಗ್ಯೂ ತಡೆಯಲು ಸೊಳ್ಳೆಯನ್ನೇ ಬಿಡುತ್ತಾರಂತೆ! ಹೇಗೆ, ಯಾಕೆ?

[ದೃಶ್ಯ: ಸೂಕ್ಷ್ಮದರ್ಶಕದ ಕೆಳಗೆ ಬಿಳಿಯ ಪುಟ್ಟ ಮೊಟ್ಟೆ. ಬದಿಯಿಂದ ಗಾಜಿನ ಸೂಜಿ ನಿಧಾನಕ್ಕೆ ಹತ್ತಿರ ಬರುತ್ತದೆ.]

ಇದು ಸೊಳ್ಳೆಯ ಮೊಟ್ಟೆ. ಒಂದು ಮಿಲಿಮೀಟರ್ ಉದ್ದವೂ ಇಲ್ಲ. ಇಟ್ಟ ಹೊಸದರಲ್ಲಿ ಬೆಳ್ಳಗೆ, ಮೆತ್ತಗೆ ಇರುತ್ತದೆ. ಒಂದೆರಡು ಗಂಟೆ ಕಳೆಯುವಷ್ಟರಲ್ಲಿ ಕಪ್ಪಾಗಿ ಗಟ್ಟಿಯಾಗುತ್ತದೆ, ಆಮೇಲೆ ಸೂಜಿ ಇಳಿಸುವುದು ಕಷ್ಟ. ಅಷ್ಟರೊಳಗೆ ಕೂದಲಿಗಿಂತ ತೆಳ್ಳಗಿನ ಈ ಗಾಜಿನ ಸೂಜಿಯಿಂದ ಮೊಟ್ಟೆಯ ಹಿಂತುದಿಗೆ ಒಂದಿಷ್ಟು ಬ್ಯಾಕ್ಟೀರಿಯಾ ಸೇರಿಸಬೇಕು. ಹಿಂತುದಿಗೇ ಯಾಕೆ ಗೊತ್ತಾ? ಈ ಸೊಳ್ಳೆ ದೊಡ್ಡದಾಗಿ ಮೊಟ್ಟೆ ಇಡುತ್ತದಲ್ಲ, ಆ ಮೊಟ್ಟೆಗಳಿಗೆ ಮೂಲವಾಗುವ ಜೀವಕೋಶಗಳು ರೂಪುಗೊಳ್ಳುವುದು ಅಲ್ಲೇ.

ಹೀಗೆ ಚುಚ್ಚಿಸಿಕೊಂಡ ಮೊಟ್ಟೆಗಳಲ್ಲಿ ಹೆಚ್ಚಿನವು ಸತ್ತು ಹೋಗುತ್ತವೆ. ಬದುಕಿದವುಗಳಲ್ಲೂ ಬಹಳಷ್ಟರಲ್ಲಿ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಸಾವಿರಾರು ಮೊಟ್ಟೆಗಳ ಮೇಲೆ ಇದೇ ಕೆಲಸ, ದಿನಗಟ್ಟಲೆ, ತಿಂಗಳುಗಟ್ಟಲೆ. ಆದರೆ ಬ್ಯಾಕ್ಟೀರಿಯಾ ಗಟ್ಟಿಯಾಗಿ ನೆಲೆಸಿದ ಒಂದೇ ಒಂದು ಹೆಣ್ಣು ಸೊಳ್ಳೆ ಸಿಕ್ಕರೆ ಸಾಕು, ಅದರಿಂದ ಒಂದು ವಂಶವೇ ಶುರುವಾಗುತ್ತದೆ.

ಇವತ್ತು ಹಲವು ದೇಶಗಳಲ್ಲಿ ಬೇಕೆಂದೇ ಹಾರಿಬಿಡುತ್ತಿರುವುದು ಅಂಥ ಸೊಳ್ಳೆಗಳನ್ನು. ಅವು ಹಾರಾಡುವ ಕಡೆ ಡೆಂಗ್ಯೂ ಕಡಿಮೆಯಾಗುತ್ತಿದೆ. ಈ ವಿಷಯ ಮೊದಲ ಸಲ ಓದಿದಾಗ ನನಗೂ ನಂಬಿಕೆ ಬರಲಿಲ್ಲ. ಹಾಗಾಗಿ ಇವತ್ತು ಬುಡದಿಂದ ನೋಡೋಣ.

[ದೃಶ್ಯ: ಕಾಲಿನ ಮೇಲೆ ಬಿಳಿ ಪಟ್ಟೆಗಳಿರುವ ಸೊಳ್ಳೆ.]

ಇದರ ಹೆಸರು ಈಡಿಸ್ ಈಜಿಪ್ಟಿ. ಡೆಂಗ್ಯೂ, ಚಿಕುನ್‌ಗುನ್ಯಾ, ಝೀಕಾ ಹರಡುವುದರಲ್ಲಿ ಇದೇ ಮುಂದು. ಇದನ್ನು ಹಿಡಿತಕ್ಕೆ ತರುವುದು ಯಾಕಿಷ್ಟು ಕಷ್ಟ ಅಂದರೆ, ಇದು ಮನುಷ್ಯರ ಜೊತೆಯಲ್ಲೇ ಬದುಕಲು ಕಲಿತುಬಿಟ್ಟಿದೆ. ಕಚ್ಚುವುದು ಹಗಲಲ್ಲಿ, ಹಾಗಾಗಿ ರಾತ್ರಿ ಸೊಳ್ಳೆಪರದೆ ಕಟ್ಟಿದರೆ ಸಾಲದು. ಮೊಟ್ಟೆ ಇಡಲು ಕೆರೆ ಬೇಕಿಲ್ಲ, ಹೂಕುಂಡದ ತಟ್ಟೆಯಲ್ಲಿ ನಿಂತ ನೀರು ಸಾಕು. ನೀರು ಒಣಗಿದರೂ ಮೊಟ್ಟೆ ಪಾತ್ರೆಯ ಅಂಚಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಕಾಯುತ್ತದೆ. ಮತ್ತೆ ನೀರು ಬಿತ್ತೋ, ಮರಿ ಹೊರಗೆ ಬಂತು. ಹೊಗೆ ಹಾಕಿದರೆ ಎದುರಿಗಿದ್ದ ಸೊಳ್ಳೆ ಸಾಯಬಹುದು, ಆದರೆ ಕೀಟನಾಶಕಕ್ಕೂ ಬಗ್ಗದ ಸೊಳ್ಳೆಗಳು ಎಷ್ಟೋ ಕಡೆ ಹುಟ್ಟಿಕೊಂಡಿವೆ.

ಡೆಂಗ್ಯೂ ವೈರಸ್‌ನಲ್ಲಿ 4 ಬಗೆ ಇದೆ. ಒಮ್ಮೆ ಒಂದು ಬಗೆ ಬಂದು, ಇನ್ನೊಮ್ಮೆ ಬೇರೆ ಬಗೆ ಬಂದರೆ ಎರಡನೇ ಸಲ ಕಾಯಿಲೆ ಜೋರಾಗುವ ಸಾಧ್ಯತೆ ಜಾಸ್ತಿ. ವೈರಸ್ಸನ್ನೇ ಕೊಲ್ಲುವ ಔಷಧಿ ಇನ್ನೂ ಆಸ್ಪತ್ರೆಗಳಿಗೆ ಬಂದಿಲ್ಲ. ದೇಹದಲ್ಲಿ ನೀರಿನ ಅಂಶ ಕಾಪಾಡುತ್ತಾ, ರಕ್ತಸ್ರಾವ ಆಗದಂತೆ ಕಣ್ಣಿಟ್ಟು ನೋಡಿಕೊಳ್ಳುವುದೇ ಚಿಕಿತ್ಸೆ. 2024ರಲ್ಲಿ ಜಗತ್ತಿನಾದ್ಯಂತ ವರದಿಯಾದ ಡೆಂಗ್ಯೂ ಪ್ರಕರಣಗಳು 1.4 ಕೋಟಿಗೂ ಹೆಚ್ಚು. ಮನೆಯಲ್ಲಿ ಯಾರಿಗಾದರೂ ಡೆಂಗ್ಯೂ ಬಂದು, ದಿನಾ ಪ್ಲೇಟ್‌ಲೆಟ್ ವರದಿಗೆ ಕಾದು ಕೂತವರಿಗೆ ಈ ಸಂಖ್ಯೆ ಏನು ಅಂತ ವಿವರಿಸಬೇಕಿಲ್ಲ.

[ದೃಶ್ಯ: ಜೀವಕೋಶದೊಳಗೆ ಹೊಳೆಯುವ ಚುಕ್ಕಿಗಳು.]

ಈಗ ಆ ಬ್ಯಾಕ್ಟೀರಿಯಾ ವಿಷಯಕ್ಕೆ ಬರೋಣ. ಹೆಸರು ವೊಲ್ಬಾಕಿಯಾ. 1924ರಲ್ಲಿ ಮಾರ್ಷಲ್ ಹರ್ಟಿಗ್ ಮತ್ತು ಬರ್ಟ್ ವೊಲ್ಬಾಕ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ಕ್ಯೂಲೆಕ್ಸ್ ಸೊಳ್ಳೆಯ ಒಳಗೆ ಮೊದಲು ಕಂಡರು. ಆಮೇಲೆ ಹುಡುಕಿದಷ್ಟೂ ಸಿಗುತ್ತಾ ಹೋಯಿತು. ಚಿಟ್ಟೆ, ಹಣ್ಣಿನ ನೊಣ, ಹೀಗೆ ಕೀಟಗಳಲ್ಲಿ ಸರಿಸುಮಾರು ಅರ್ಧದಷ್ಟು ಬಗೆಗಳಲ್ಲಿ ಇದು ಇದೆ. ಆದರೆ ಈಡಿಸ್ ಈಜಿಪ್ಟಿಯಲ್ಲಿ ಮಾತ್ರ ಸಹಜವಾಗಿ ಇರುವುದಿಲ್ಲ. ಇಡೀ ಕಥೆ ನಿಂತಿರುವುದು ಈ ಒಂದು ಮಾತಿನ ಮೇಲೆ.

ವೊಲ್ಬಾಕಿಯಾ ಜೀವಕೋಶದ ಒಳಗೆ ಮಾತ್ರ ಬದುಕುತ್ತದೆ. ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೋಗುವುದು ತಾಯಿಯ ಮೊಟ್ಟೆಯ ಮೂಲಕ. ಗಂಡು ಸೊಳ್ಳೆಯೊಳಗೆ ಸೇರಿದರೆ ಅದಕ್ಕೆ ಮುಂದೆ ದಾರಿ ಇಲ್ಲ. ಹಾಗಿದ್ದ ಮೇಲೆ ತನ್ನ ಸಂತಾನ ಹೆಚ್ಚಿಸಿಕೊಳ್ಳುವುದು ಹೇಗೆ? ಅದಕ್ಕೆ ಇದು ಮಾಡಿಕೊಂಡಿರುವ ಉಪಾಯ ನೋಡಿದರೆ ನಿಜಕ್ಕೂ ಬೆರಗಾಗುತ್ತದೆ.

ಬೀಗ ಮತ್ತು ಕೀಲಿಕೈ ಅಂದುಕೊಳ್ಳಿ. ಗಂಡು ಸೊಳ್ಳೆಯಲ್ಲಿ ವೊಲ್ಬಾಕಿಯಾ ಇದ್ದರೆ ಅದು ವೀರ್ಯಕ್ಕೆ ಬೀಗ ಹಾಕುತ್ತದೆ. ಬೀಗ ತೆಗೆಯುವ ಕೀಲಿಕೈ ಇರುವುದು ವೊಲ್ಬಾಕಿಯಾ ಇರುವ ಮೊಟ್ಟೆಯಲ್ಲಿ ಮಾತ್ರ. ಹಾಗಾಗಿ ವೊಲ್ಬಾಕಿಯಾ ಇರುವ ಗಂಡು, ಇಲ್ಲದ ಹೆಣ್ಣಿನ ಜೊತೆ ಕೂಡಿದರೆ ಮೊಟ್ಟೆ ಒಡೆದು ಮರಿಯಾಗುವುದೇ ಇಲ್ಲ. ಅದೇ ವೊಲ್ಬಾಕಿಯಾ ಇರುವ ಹೆಣ್ಣು ಯಾವ ಗಂಡಿನ ಜೊತೆ ಕೂಡಿದರೂ ಮರಿಗಳಾಗುತ್ತವೆ, ಎಲ್ಲ ಮರಿಗಳಲ್ಲೂ ಹೆಚ್ಚುಕಡಿಮೆ ವೊಲ್ಬಾಕಿಯಾ ಇರುತ್ತದೆ. ಹೀಗೆ ತಲೆಮಾರು ಕಳೆದಂತೆ ವೊಲ್ಬಾಕಿಯಾ ಇರುವವರ ಪಾಲು ಏರುತ್ತಾ ಹೋಗುತ್ತದೆ. ಶುರುವಿನಲ್ಲಿ ಸಾಕಷ್ಟು ಸೊಳ್ಳೆಗಳನ್ನು ಬಿಟ್ಟು ಒಂದು ಮಟ್ಟ ದಾಟಿಸಿದರೆ, ಮುಂದಿನದನ್ನು ಅವೇ ನೋಡಿಕೊಳ್ಳುತ್ತವೆ. ಈ ಬೀಗ, ಕೀಲಿಕೈ ಕೆಲಸ ಮಾಡುವ ಜೀನ್‌ಗಳು ಯಾವುವು ಅಂತ ಗೊತ್ತಾಗಿದ್ದು 2017ರಲ್ಲಿ.

[ದೃಶ್ಯ: ಪ್ರಯೋಗಾಲಯದ ಗೂಡುಗಳು, ಬಲೆಯ ಹಿಂದೆ ಸೊಳ್ಳೆಗಳು.]

ಆಸ್ಟ್ರೇಲಿಯಾದ ಸ್ಕಾಟ್ ಓನೀಲ್ ಮತ್ತು ಅವರ ತಂಡ ಹಣ್ಣಿನ ನೊಣದಲ್ಲಿದ್ದ ವೊಲ್ಬಾಕಿಯಾವನ್ನು ಈಡಿಸ್‌ಗೆ ಸೇರಿಸಲು ವರ್ಷಗಟ್ಟಲೆ ಒದ್ದಾಡಿತು. ನೊಣದಿಂದ ತಂದದ್ದು ಸೊಳ್ಳೆಯಲ್ಲಿ ಸುಮ್ನೆ ಒಗ್ಗಿಕೊಳ್ಳುವುದಿಲ್ಲ. ಅದಕ್ಕೇ ಮೊದಲು ಸುಮಾರು 3 ವರ್ಷ ಅದನ್ನು ಸೊಳ್ಳೆಯ ಜೀವಕೋಶಗಳಲ್ಲಿ ಬೆಳೆಸಿ ರೂಢಿ ಮಾಡಿಸಿದರು. ಆಮೇಲೆ ಸೂಜಿ ಹಿಡಿದದ್ದು.

ಅವರ ಮೊದಲ ಲೆಕ್ಕಾಚಾರವೇ ಬೇರೆ ಇತ್ತು. ಸೊಳ್ಳೆ ಡೆಂಗ್ಯೂ ರೋಗಿಯ ರಕ್ತ ಕುಡಿದ ತಕ್ಷಣ ಬೇರೆಯವರಿಗೆ ಹರಡಲಾರದು. ವೈರಸ್ ಹೊಟ್ಟೆಯಿಂದ ಹೊರಬಂದು, ಬೆಳೆದು, ಜೊಲ್ಲಿನ ಗ್ರಂಥಿ ತಲುಪಲು ಸುಮಾರು 8ರಿಂದ 12 ದಿನ ಬೇಕು. ಅಂದರೆ ಹರಡುವುದು ವಯಸ್ಸಾದ ಸೊಳ್ಳೆಗಳು. ಸೊಳ್ಳೆಯ ಆಯಸ್ಸನ್ನು ಕಡಿಮೆ ಮಾಡಿದರೆ? ನೊಣಗಳ ಆಯಸ್ಸು ಕುಗ್ಗಿಸುವ ಒಂದು ವೊಲ್ಬಾಕಿಯಾ ತಳಿ ಇತ್ತು, ಅದನ್ನೇ ಆರಿಸಿಕೊಂಡರು. 2009ರ ಹೊತ್ತಿಗೆ ಯಶಸ್ಸೂ ಸಿಕ್ಕಿತು, ಸೊಳ್ಳೆಗಳ ಆಯಸ್ಸು ಅರ್ಧಕ್ಕಿಳಿಯಿತು.

ಅದೇ ವರ್ಷ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ವೊಲ್ಬಾಕಿಯಾ ಇರುವ ಸೊಳ್ಳೆಗೆ ಡೆಂಗ್ಯೂ ವೈರಸ್ ಕೊಟ್ಟರೆ, ವೈರಸ್ ಸರಿಯಾಗಿ ಬೆಳೆಯುವುದೇ ಇಲ್ಲ! ಸೊಳ್ಳೆ ಬೇಗ ಸಾಯಲಿ ಅಂತ ಹೊರಟವರಿಗೆ, ಸೊಳ್ಳೆ ಬದುಕಿದ್ದರೂ ಪರವಾಗಿಲ್ಲ ಅನ್ನುವ ದಾರಿ ತೆರೆದುಕೊಂಡಿತು. ಆಯಸ್ಸು ಕುಗ್ಗಿಸುವ ತಳಿಯನ್ನು ಹೊತ್ತ ಸೊಳ್ಳೆಗಳು ತೀರಾ ಬಡಕಲಾಗಿದ್ದವು. ಹಾಗಾಗಿ ಸೊಳ್ಳೆಗೆ ಅಷ್ಟು ತೊಂದರೆ ಕೊಡದ, ಹಣ್ಣಿನ ನೊಣದಿಂದಲೇ ಬಂದ ಇನ್ನೊಂದು ಮೃದು ತಳಿ ಆರಿಸಿಕೊಂಡರು. ಅದರ ಹೆಸರು ಡಬ್ಲ್ಯೂಮೆಲ್.

ವೈರಸ್ ಯಾಕೆ ಬೆಳೆಯುವುದಿಲ್ಲ? ಎರಡು ಕಾರಣಗಳ ಬಗ್ಗೆ ಸಂಶೋಧನೆ ನಡೆಯುತ್ತಿದೆ. ವೈರಸ್‌ಗೆ ಬೇಕಾದ ಕೊಲೆಸ್ಟರಾಲ್‌ನಂಥ ಕೊಬ್ಬಿನಂಶವೇ ವೊಲ್ಬಾಕಿಯಾಗೂ ಬೇಕು, ಜೀವಕೋಶದೊಳಗೆ ಮೊದಲೇ ಸೇರಿಕೊಂಡಿರುವ ಅದು ವೈರಸ್‌ಗೆ ಉಳಿಸುವುದು ಕಡಿಮೆ. ಜೊತೆಗೆ ಒಳಗೆ ವೊಲ್ಬಾಕಿಯಾ ಇರುವುದರಿಂದ ಸೊಳ್ಳೆಯ ರೋಗನಿರೋಧಕ ಶಕ್ತಿಯೂ ಎಚ್ಚರವಾಗಿರುತ್ತದೆ.

[ದೃಶ್ಯ: ಮುಚ್ಚಳದಲ್ಲಿ ಸಣ್ಣ ತೂತುಗಳಿರುವ ಡಬ್ಬಿ. ಮುಚ್ಚಳ ತೆಗೆದಾಗ ಸೊಳ್ಳೆಗಳು ಹಾರಿಹೋಗುತ್ತವೆ.]

2011ರ ಜನವರಿಯಲ್ಲಿ ಆಸ್ಟ್ರೇಲಿಯಾದ ಕೇರ್ನ್ಸ್ ನಗರದ ಬಳಿ ಎರಡು ಕಡೆ ಮೊದಲ ಸಲ ಈ ಸೊಳ್ಳೆಗಳನ್ನು ಬಿಟ್ಟರು. ಕೆಲವೇ ತಿಂಗಳಲ್ಲಿ ಅಲ್ಲಿನ ಬಹುತೇಕ ಈಡಿಸ್ ಸೊಳ್ಳೆಗಳಲ್ಲಿ ವೊಲ್ಬಾಕಿಯಾ ಕಂಡಿತು. ಆಮೇಲೆ ಟೌನ್ಸ್‌ವಿಲ್ ಎಂಬ ಇಡೀ ನಗರದಲ್ಲಿ ಇದೇ ಕೆಲಸ ನಡೆಯಿತು. ಅಲ್ಲಿ ಶಾಲೆಯ ಮಕ್ಕಳೂ ಮೊಟ್ಟೆ, ನೀರು, ಆಹಾರ ಇರುವ ಡಬ್ಬಿ ತೆಗೆದುಕೊಂಡು ಹೋಗಿ ಮನೆಯಲ್ಲಿ ಸೊಳ್ಳೆ ಬೆಳೆಸಿ ಬಿಟ್ಟರು.

ಇಲ್ಲಿ ಸ್ವಲ್ಪ ನಿಲ್ಲೋಣ. ಯಾರೋ ಬಾಗಿಲು ತಟ್ಟಿ, "ನಿಮ್ಮ ಹಿತ್ತಲಲ್ಲಿ ಸೊಳ್ಳೆ ಬಿಡುತ್ತೇವೆ, ಒಪ್ಪಿಗೆ ಕೊಡಿ" ಅಂದರೆ ನೀವೇನು ಹೇಳುತ್ತೀರಿ? ಕೇಳಬೇಕಾದ ಪ್ರಶ್ನೆಗಳು ಬೇಕಾದಷ್ಟಿವೆ, ಕೇಳಲೇಬೇಕು. ನನಗೆ ಈ ಸಂಶೋಧನೆಯಲ್ಲಿ ಬಹಳ ಹಿಡಿಸಿದ್ದು, ಮನೆಮನೆಗೆ ಹೋಗಿ ಉತ್ತರ ಹೇಳಿದ ರೀತಿ.

ಮೊದಲ ಪ್ರಶ್ನೆ, ಇದು ಜೀನ್ ಬದಲಾಯಿಸಿದ ಸೊಳ್ಳೆಯಾ? ಅಲ್ಲ. ಸೊಳ್ಳೆಯ ಜೀನ್ ಆಗಲಿ ಬ್ಯಾಕ್ಟೀರಿಯಾದ ಜೀನ್ ಆಗಲಿ ಯಾರೂ ತಿದ್ದಿಲ್ಲ. ಕಚ್ಚಿದರೆ ನಮ್ಮೊಳಗೆ ಬರುತ್ತದಾ? ವೊಲ್ಬಾಕಿಯಾ ಇರುವ ಕ್ಯೂಲೆಕ್ಸ್ ಸೊಳ್ಳೆ ಮನುಷ್ಯರನ್ನು ಲಾಗಾಯ್ತಿನಿಂದ ಕಚ್ಚುತ್ತಲೇ ಇದೆ. ಪ್ರಯೋಗಾಲಯದಲ್ಲಿ ಈ ಸೊಳ್ಳೆಗಳಿಗೆ ರಕ್ತ ಕೊಡಲು ಸ್ವಯಂಸೇವಕರು ಗೂಡಿನೊಳಗೆ ತಮ್ಮ ತೋಳನ್ನೇ ಇಟ್ಟರು. ಅಂಥವರ ರಕ್ತ ಪರೀಕ್ಷಿಸಿದಾಗ ವೊಲ್ಬಾಕಿಯಾ ಒಳಹೊಕ್ಕ ಗುರುತು ಸಿಗಲಿಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ಸಿಂಗಪುರದಲ್ಲಿ ಬಿಡುವುದು ಗಂಡು ಸೊಳ್ಳೆಗಳನ್ನು ಮಾತ್ರ. ಗಂಡು ಕಚ್ಚುವುದಿಲ್ಲ. ಬೀಗ ಬಿದ್ದು ಮೊಟ್ಟೆ ಒಡೆಯದೆ ಸೊಳ್ಳೆಗಳ ಸಂಖ್ಯೆಯೇ ಇಳಿಯಲಿ ಅನ್ನುವುದು ಅಲ್ಲಿನ ಲೆಕ್ಕ. ಆದರೆ ಬಿಡುತ್ತಲೇ ಇರಬೇಕು. ನಾವು ಮಾತಾಡುತ್ತಿರುವ ವಿಧಾನದಲ್ಲಿ ಗಂಡು, ಹೆಣ್ಣು ಎರಡನ್ನೂ ಬಿಡುತ್ತಾರೆ. ಸೊಳ್ಳೆ ಇರುತ್ತದೆ, ಕಚ್ಚುತ್ತದೆ, ಡೆಂಗ್ಯೂ ಹರಡುವ ಶಕ್ತಿ ಮಾತ್ರ ಬಹಳ ಕಡಿಮೆಯಾಗುತ್ತದೆ.

[ದೃಶ್ಯ: ಒಂದು ನಗರದ ನಕ್ಷೆ. 24 ತುಂಡುಗಳು. ಅರ್ಧದಷ್ಟಕ್ಕೆ ಹಸಿರು ಬಣ್ಣ.]

ಸರಿ, ಡೆಂಗ್ಯೂ ಕಡಿಮೆಯಾದದ್ದು ಈ ಸೊಳ್ಳೆಯಿಂದಲೇ ಅಂತ ಹೇಗೆ ಗೊತ್ತು? ಒಂದು ವರ್ಷ ಡೆಂಗ್ಯೂ ಜಾಸ್ತಿ, ಇನ್ನೊಂದು ವರ್ಷ ತಾನಾಗೇ ಕಡಿಮೆ. ಬರೀ "ಮೊದಲು ಇಷ್ಟಿತ್ತು, ಈಗ ಇಷ್ಟಾಗಿದೆ" ಅಂದರೆ ಸಾಕಾಗುವುದಿಲ್ಲ ಅಲ್ವಾ? ಗಟ್ಟಿ ಉತ್ತರ ಸಿಕ್ಕಿದ್ದು ಇಂಡೋನೇಷ್ಯಾದ ಯೋಗ್ಯಕರ್ತ ನಗರದಲ್ಲಿ. ಅಲ್ಲಿನ ಸಂಶೋಧನೆಯ ಮುಂದಾಳು ಆದಿ ಉತಾರಿನಿ ಎಂಬ ಸಾರ್ವಜನಿಕ ಆರೋಗ್ಯ ತಜ್ಞೆ.

ನಗರವನ್ನು 24 ಭಾಗ ಮಾಡಿ, ಚೀಟಿ ಎತ್ತಿದ ಹಾಗೆ 12 ಭಾಗಗಳನ್ನು ಆರಿಸಿದರು. 2017ರಲ್ಲಿ ಆ 12 ಕಡೆ ಮನೆಗಳ ಅಂಗಳದಲ್ಲಿ ಮೊಟ್ಟೆ ಇರುವ ಬಕೆಟ್ ಇಟ್ಟರು. ಒಳಗೆ ನೀರು, ಮರಿಗಳಿಗೆ ಆಹಾರ, ಮೊಟ್ಟೆ ಅಂಟಿರುವ ಪಟ್ಟಿ, ಸೊಳ್ಳೆ ಹಾರಿ ಹೋಗಲು ತೂತು. ಎರಡು ವಾರಕ್ಕೊಮ್ಮೆ ಬದಲಾಯಿಸುವುದು. ಉಳಿದ 12 ಕಡೆ ಇದ್ಯಾವುದೂ ಇಲ್ಲ, ಮಾಮೂಲಿ ಸೊಳ್ಳೆ ನಿಯಂತ್ರಣ ಮಾತ್ರ.

2018ರ ಜನವರಿಯಿಂದ, ಜ್ವರ ಬಂತು ಅಂತ ಆರೋಗ್ಯ ಕೇಂದ್ರಗಳಿಗೆ ಬಂದವರನ್ನು ಅಧ್ಯಯನಕ್ಕೆ ಸೇರಿಸಿಕೊಂಡರು. ರಕ್ತ ಪರೀಕ್ಷೆಯಲ್ಲಿ ಡೆಂಗ್ಯೂ ಹೌದೋ ಅಲ್ಲವೋ ನೋಡುವುದು, ಆ ವ್ಯಕ್ತಿಯ ಮನೆ ಯಾವ ಭಾಗದಲ್ಲಿದೆ ಅಂತ ನೋಡುವುದು. ಇಷ್ಟೇ. ವೊಲ್ಬಾಕಿಯಾ ಸೊಳ್ಳೆ ಬಿಟ್ಟ ಭಾಗಗಳಿಂದ ಬಂದ 2,905 ಜ್ವರದ ರೋಗಿಗಳಲ್ಲಿ ಡೆಂಗ್ಯೂ ಇದ್ದದ್ದು 67 ಜನಕ್ಕೆ. ಬಿಡದ ಭಾಗಗಳಿಂದ ಬಂದ 3,401 ಜನರಲ್ಲಿ 318 ಮಂದಿಗೆ. ಲೆಕ್ಕ ಹಾಕಿದರೆ ಡೆಂಗ್ಯೂ ಶೇ. 77ರಷ್ಟು ಕಡಿಮೆ. ಆಸ್ಪತ್ರೆಗೆ ಸೇರಬೇಕಾದವರ ಲೆಕ್ಕ ಹಿಡಿದರೆ ಶೇ. 86ರಷ್ಟು ಕಡಿಮೆ. 4 ಬಗೆಯ ವೈರಸ್‌ಗಳ ಮೇಲೂ ಪರಿಣಾಮ ಕಂಡಿತು. 2021ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಇದರಲ್ಲೂ ಒಂದು ಸೂಕ್ಷ್ಮ ಇದೆ. ಸೊಳ್ಳೆಗೆ ನಕ್ಷೆಯ ಗೆರೆ ಕಾಣುವುದಿಲ್ಲ, ಆಚೆ ಈಚೆ ಹಾರುತ್ತದೆ. ಜನರೂ ಕೆಲಸಕ್ಕೆ, ಶಾಲೆಗೆ ಅಂತ ಓಡಾಡುತ್ತಾರೆ, ಇನ್ನೊಂದು ಭಾಗದಲ್ಲಿ ಕಚ್ಚಿಸಿಕೊಳ್ಳುತ್ತಾರೆ. ಹಾಗಾಗಿ ಇಡೀ ಊರಿಗೆ ಬಿಟ್ಟರೆ ಲಾಭ ಇನ್ನೂ ಜಾಸ್ತಿ ಇರಬಹುದು.

[ದೃಶ್ಯ: ಬಿಸಿಲಿಗೆ ಕಾದ ತಗಡಿನ ಡ್ರಮ್. ಒಳಗೆ ನೀರಲ್ಲಿ ಮರಿಗಳು.]

ಎಲ್ಲ ಕಡೆ ಇಷ್ಟು ಚೆನ್ನಾಗಿ ನಡೆಯುತ್ತದೆ ಅಂದುಕೊಳ್ಳಬೇಡಿ. ಬ್ರೆಜಿಲ್‌ನ ನೀತೆರಾಯ್ ನಗರದಲ್ಲಿ ಡೆಂಗ್ಯೂ ಶೇ. 69ರಷ್ಟು ಇಳಿಯಿತು. ಆದರೆ ಮರಿಗಳಿರುವ ನೀರು ತುಂಬಾ ಬಿಸಿಯಾದರೆ ಡಬ್ಲ್ಯೂಮೆಲ್ ತಳಿ ಸೊರಗುತ್ತದೆ, ಸೊಳ್ಳೆಯ ಒಳಗೆ ಅದರ ಪ್ರಮಾಣ ಕುಸಿಯುತ್ತದೆ. ಸುಡು ಬಿಸಿಲಿನ ಊರುಗಳಿಗೆ ಇದು ದೊಡ್ಡ ತಲೆನೋವು. ಅದಕ್ಕೇ ಬಿಸಿ ತಡೆದುಕೊಳ್ಳುವ ಇನ್ನೊಂದು ತಳಿಯ ಮೇಲೆ ಕೆಲಸ ನಡೆದಿದೆ, ಡಬ್ಲ್ಯೂಆಲ್ಬ್‌ಬಿ ಅಂತ ಅದರ ಹೆಸರು. ಮಲೇಷ್ಯಾದ ಕ್ವಾಲಾಲಂಪುರ ಸುತ್ತಮುತ್ತ ಅದನ್ನು ಬಿಟ್ಟಾಗ ಡೆಂಗ್ಯೂ ಸುಮಾರು ಶೇ. 40ರಷ್ಟು ಕಡಿಮೆಯಾಯಿತು. ಯೋಗ್ಯಕರ್ತದಷ್ಟು ದೊಡ್ಡ ಇಳಿಕೆ ಅಲ್ಲ, ಆದರೂ ಆಸ್ಪತ್ರೆ ಬಾಗಿಲಲ್ಲಿ ನಿಂತವರಿಗೆ ಅದು ಸಣ್ಣದಲ್ಲ. ಪುದುಚೇರಿಯ ಐಸಿಎಂಆರ್ ಸಂಶೋಧನಾ ಕೇಂದ್ರದಲ್ಲಿ ಈ ಎರಡೂ ತಳಿಗಳಿರುವ ಸೊಳ್ಳೆಗಳನ್ನು ಬೆಳೆಸಿದ್ದಾರೆ.

ವೈರಸ್ ಮುಂದೊಂದು ದಿನ ತಾನೂ ಬದಲಾಗಿ ವೊಲ್ಬಾಕಿಯಾವನ್ನು ದಾಟಬಹುದಾ? ಅದಕ್ಕಾಗಿಯೇ ಬಿಟ್ಟ ಕಡೆಗಳಲ್ಲಿ ಸೊಳ್ಳೆ ಹಿಡಿದು ಪರೀಕ್ಷಿಸುವ ಕೆಲಸ ಮುಂದುವರಿಯಬೇಕು. ಕೊಡ ಮುಚ್ಚಿಡುವುದು, ನಿಂತ ನೀರು ಚೆಲ್ಲುವುದು ಹೇಗೂ ತಪ್ಪಿದ್ದಲ್ಲ, ಕ್ಯೂಲೆಕ್ಸ್, ಅನಾಫಿಲಿಸ್ ಸೊಳ್ಳೆಗಳ ಕಾಟಕ್ಕೆ ಇದು ಮದ್ದಲ್ಲ.

ಸೂಜಿ ಹಿಡಿದು ಒಂದೊಂದೇ ಮೊಟ್ಟೆ ಚುಚ್ಚಿದ ಕೆಲಸ ಈಗ ಯಾವ ಮಟ್ಟಕ್ಕೆ ಬಂದಿದೆ ನೋಡಿ. 2025ರ ಜುಲೈನಲ್ಲಿ ಬ್ರೆಜಿಲ್‌ನ ಕುರಿಟಿಬಾದಲ್ಲಿ ಇಂಥ ಸೊಳ್ಳೆ ಬೆಳೆಸುವ ದೊಡ್ಡ ಕಾರ್ಖಾನೆ ಶುರುವಾಯಿತು. ವಾರಕ್ಕೆ 10 ಕೋಟಿ ಮೊಟ್ಟೆ ತಯಾರಿಸುವ ಸಾಮರ್ಥ್ಯ ಅದಕ್ಕಿದೆ.

[ದೃಶ್ಯ: ಮತ್ತೆ ಯೋಗ್ಯಕರ್ತದ ನಕ್ಷೆ. ಬಣ್ಣವಿಲ್ಲದ 12 ತುಂಡುಗಳು ಒಂದೊಂದಾಗಿ ಹಸಿರಾಗುತ್ತವೆ.]

ಯೋಗ್ಯಕರ್ತದಲ್ಲಿ ಸೊಳ್ಳೆ ಬಿಡದೆ ಉಳಿಸಿದ್ದ 12 ಭಾಗಗಳಿದ್ದವಲ್ಲ, ಅಲ್ಲಿನವರು ಎರಡು ವರ್ಷಕ್ಕೂ ಹೆಚ್ಚು ಕಾಲ ಹೋಲಿಕೆಗಾಗಿ ಕಾದಿದ್ದರು. ಅವರ ಜ್ವರದ ಲೆಕ್ಕ ಇಲ್ಲದಿದ್ದರೆ ಆ ಶೇ. 77 ಅನ್ನುವ ಉತ್ತರ ಯಾರಿಗೂ ಸಿಗುತ್ತಿರಲಿಲ್ಲ. ಅಧ್ಯಯನ ಮುಗಿದ ಮೇಲೆ ಆ ಭಾಗಗಳಿಗೂ ವೊಲ್ಬಾಕಿಯಾ ಸೊಳ್ಳೆಗಳನ್ನು ಬಿಟ್ಟರು.